ಕೆಳಗಿನಿಂದ ಬೀಳುವ ಕತ್ತರಿ

ವನಮಾಲಾ ನನ್ನ ಹೆಂಡತಿ. ಈ ಪ್ರಬಂಧದಲ್ಲಿ ಎಲ್ಲಾದರೂ ನಿಮಗೆ ನಗು ಬಂದರೆ ಅದರ ಶ್ರೇಯಸ್ಸು ಅವಳಿಗೆ ಸೇರಬೇಕು. ಇಂಥ ಕೃತಜ್ಞತೆಯ ಮಾತುಗಳನ್ನು ತಿಳಿದವರು ಕೊನೆಯಲ್ಲಿ ಬರೆಯುತ್ತಾರೆ, ನನಗೂ ಗೊತ್ತು. ನಾನು ಮೊದಲನೇ ಸಾಲಿಗೇ ತಂದು ಕೂಡಿಸಿದ್ದಕ್ಕೆ ಕಾರಣವಿದೆ. ಅದನ್ನು ಹೇಳಬೇಕೆಂದರೆ ಸ್ವಲ್ಪ ತಿರುಗಾಡಬೇಕು, ದಹಿಸರ್‌ನಿಂದ ಅಂಧೇರಿಗೆ, ಅಲ್ಲಿಂದ ಕುರ್ಲಾಕ್ಕೆ. ಕೂಡಲು ಸೀಟು ಸಿಗುತ್ತದೆ ಎಂಬ ಖಾತ್ರಿ ಕೊಡಲಾರೆ, ಆದರೆ ನೀವು ಬಾಗಿಲಲ್ಲಿ ನೇತಾಡದಂತೆ ನೋಡಿಕೊಳ್ಳುತ್ತೇನೆ.

ಅಂಧೇರಿಯ ಒಂದು ಜಾಹೀರಾತು ಕಂಪನಿಯಲ್ಲಿ ನಾನು ಕನ್ನಡ. ಕನ್ನಡ ಅನುವಾದಕ ಎಂಬುದು ನನ್ನ ಹುದ್ದೆಯ ಪೂರ್ತಿ ಹೆಸರು, ಆದರೆ ಅಷ್ಟುದ್ದ ಹೇಳುವ ಪುರಸೊತ್ತು ಅಲ್ಲಿ ಯಾರಿಗೂ ಇಲ್ಲ. "ಕನ್ನಡ ಊಟಕ್ಕೆ ಹೋಗಿದೆ", "ತೆಲುಗಿಗೆ ನಿನ್ನೆಯಿಂದ ಜ್ವರ", "ಮಲಯಾಳಂ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದೆ" ಎಂಬಂಥ ಮಾತುಗಳು ನಮ್ಮಲ್ಲಿ ದಿನಾ ಕೇಳುತ್ತವೆ. ನಾವೆಲ್ಲ ಕೂಡುವ ಮೂಲೆಗೆ ಲ್ಯಾಂಗ್ವೇಜ್ ಎಂದು ಹೆಸರು. ಇಂಗ್ಲಿಷ್ ಆ ಮೂಲೆಯಲ್ಲಿ ಕೂಡುವುದಿಲ್ಲ, ಯಾಕೆಂದರೆ ಅದು ಲ್ಯಾಂಗ್ವೇಜ್ ಅಲ್ಲ, ಅದು ಮಾಸ್ಟರ್. ಮಾಸ್ಟರ್ ಗಾಜಿನ ಕೋಣೆಯಲ್ಲಿ ಹುಟ್ಟಿ ನಮ್ಮ ಮೂಲೆಗೆ ಬರುತ್ತದೆ, ನಾವು ಅದನ್ನು ಅಡಾಪ್ಟ್ ಮಾಡುತ್ತೇವೆ. ಮೊದಲು ಇದಕ್ಕೆ ಅನುವಾದ ಎನ್ನುತ್ತಿದ್ದರು. ಸಂಬಳ ಹೆಚ್ಚಿಸಿ ಎಂದು ಕೇಳಿದ ವರ್ಷ ಅಡಾಪ್ಟೇಷನ್ ಎಂದು ಕರೆಯತೊಡಗಿದರು. ಸಂಬಳ ಅಷ್ಟೇ ಇದೆ, ಕೆಲಸದ ಹೆಸರು ಮಾತ್ರ ದಪ್ಪಗಾಗಿದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಕಂಪನಿಯ ಮಾತು ನನಗೆ ಅರ್ಥವಾಗುತ್ತಿರಲಿಲ್ಲ. ಈಗ ಅರ್ಥವಾಗುತ್ತದೆ, ದುಃಖ ಅದೇ. ಫೈನಲ್ ಎಂದರೆ ಕೆಲಸ ಈಗಷ್ಟೇ ಶುರುವಾಗಿದೆ ಎಂದು. ಅದಾದ ಮೇಲೆ ಫೈನಲ್ ಎರಡು, ಫೈನಲ್ ಮೂರು, ರಿಯಲ್ ಫೈನಲ್, ಬಾಸ್ ನೋಡಿದ ಫೈನಲ್ ಎಂಬ ಹೆಸರಿನ ಫೈಲುಗಳು ಸಾಲಾಗಿ ಬರುತ್ತವೆ, ಕಟ್ಟಕಡೆಗೆ ಅಚ್ಚಿಗೆ ಹೋಗುವುದು ಎಲ್ಲಕ್ಕೂ ಮೊದಲು ಬರೆದದ್ದು. "ಇಂಟರೆಸ್ಟಿಂಗ್" ಎಂದರೆ ಬೇಡ ಎಂದು. "ಇದನ್ನು ಆಫ್‌ಲೈನ್ ಮಾತಾಡೋಣ" ಎಂದರೆ ಇನ್ನು ಈ ಜನ್ಮದಲ್ಲಿ ಮಾತಾಡುವುದಿಲ್ಲ ಎಂದು. "ಕ್ಲೈಂಟಿಗೆ ಭಾಳ ಸೇರಿದೆ, ಒಂದು ಸಣ್ಣ ಬದಲಾವಣೆ ಅಷ್ಟೇ" ಎಂದರೆ ಬಿಚ್ಚಿದ ಊಟದ ಡಬ್ಬಿ ಮತ್ತೆ ಮುಚ್ಚಿಡು ಎಂದು. ಇನ್ನು ಕಂಟೆಂಟ್ ಎಂಬುದೊಂದು ಬಂದಿದೆ. ಮೊದಲು ಕಥೆ, ಹಾಡು, ಚುಟುಕ, ಸುದ್ದಿ, ಶ್ರದ್ಧಾಂಜಲಿ ಎಂದು ಬೇರೆ ಬೇರೆ ಇದ್ದವು. ಈಗ ಹುಟ್ಟಿದವರ ಮೇಲಿನ ಹಾಡೂ ಕಂಟೆಂಟೇ, ಸತ್ತವರ ಮೇಲಿನ ನಾಲ್ಕು ಸಾಲೂ ಕಂಟೆಂಟೇ.

ಇವುಗಳನ್ನೆಲ್ಲ ನಾನು ಸಂಜೆ ಖಾಲಿ ಡಬ್ಬಿಯ ಜೊತೆ ಮನೆಗೆ ತರುತ್ತೇನೆ. ವನಮಾಲಾ ಡಬ್ಬಿಯನ್ನು ನನ್ನ ಕೈಯಲ್ಲೇ ತೊಳೆಸುತ್ತಾಳೆ, ಮಾತುಗಳನ್ನು ಮಾತ್ರ ತಾನೇ ತೊಳೆಯುತ್ತಾಳೆ. ಅವಳು ವಿಜಯಪುರದವಳು, ದಹಿಸರ್‌ನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನಾನು ಧಾರವಾಡದವನು. ಮಾತಿನಲ್ಲಿ ನಮ್ಮೂರಿನವರನ್ನು ಹಿಂದೆ ಹಾಕುವವರು ಯಾರೂ ಇಲ್ಲ ಎಂಬ ಜಂಬ ನನಗಿತ್ತು. ಮದುವೆಯಾದ ಮೊದಲ ವಾರದಲ್ಲೇ ಅದು ಇಳಿದುಹೋಯಿತು.

ಕಂಟೆಂಟಿನ ಕಥೆ ಕೇಳಿದಾಗ ಅವಳು, "ನಾಳಿಂದ ನಾನೂ ಸಾರು, ಪಲ್ಯ, ಚಟ್ನಿ ಎಲ್ಲಾದಕ್ಕೂ 'ಪದಾರ್ಥ' ಅಂತ ಒಂದ ಹೆಸರಿಟ್ಟು ಒಂದ ಡಬರಿಯೊಳಗ ಹಾಕಿ ಬಡಸ್ತೀನಿ, ತಿಂದು ಹೇಳ್ರಿ" ಅಂದಳು. ಒಮ್ಮೆ ಕೊತ್ತಂಬರಿ ತರಲಿಕ್ಕೆ ಹೇಳಿದಾಗ, ಆಫೀಸಿನ ಗುಂಗಿನಲ್ಲಿ, "ಇವತ್ತು ನನಗ ಬ್ಯಾಂಡ್‌ವಿಡ್ತ್ ಇಲ್ಲ" ಎಂದುಬಿಟ್ಟೆ. ಕಂಪ್ಯೂಟರಿನ ತಂತಿಯೊಳಗೆ ಎಷ್ಟು ಮಾಹಿತಿ ಹರಿಯಬಹುದು ಎಂಬುದಕ್ಕೆ ಇಟ್ಟ ಈ ಹೆಸರನ್ನು ನಮ್ಮಲ್ಲಿ ಮೈಗಳ್ಳತನಕ್ಕೆ ಬಳಸುತ್ತಾರೆ. ಅವಳು ಚೀಲ ನನ್ನ ಕೈಗೆ ಕೊಟ್ಟು, "ಸೋಫಾದ ಮ್ಯಾಲೆ ಅಡ್ಡ ಆಗೂಮುಂದ ಅಷ್ಟು ವಿಡ್ತ್ ಎಲ್ಲಿಂದ ಬರತದ್ರಿ?" ಎಂದು ಕೇಳಿದಳು. ನಾನು ಕೊತ್ತಂಬರಿ ತಂದೆ.

ಇನ್ನೊಮ್ಮೆ ಒಂದು ಸಾಬೂನಿನ ಜಾಹೀರಾತನ್ನು ಮನೆಯಲ್ಲೇ ಕೂತು ಕನ್ನಡಕ್ಕೆ ತರುತ್ತಿದ್ದೆ. ಟಾರ್ಗೆಟ್ ಆಡಿಯನ್ಸ್, ಅಂದರೆ ಈ ಸಾಬೂನು ಯಾರಿಗಾಗಿ ಎಂಬ ಜಾಗದಲ್ಲಿ, ಹದಿನೆಂಟರಿಂದ ನಲವತ್ತೈದರ ಮಹಿಳೆಯರು ಎಂದಿತ್ತು. ವನಮಾಲಾ ನನ್ನ ಹೆಗಲ ಮೇಲಿಂದ ಬಗ್ಗಿ ಅದನ್ನು ಓದಿದಳು. "ಹಂಗಾದ್ರ ನಲವತ್ತಾರಕ್ಕ ಸ್ನಾನ ಬಿಡಬೇಕೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸ್ನಾನಕ್ಕೆ ಹೋದಳು.

ಇಷ್ಟು ಹೇಳಿದ ಮೇಲೆ ನಿಮಗೆ ತಿಳಿದಿರಬೇಕು. ನನಗೆ ಹಾಸ್ಯ ಹೊಳೆಯುವುದಿಲ್ಲ. ಅವಳು ಹೇಳಿದ ಮೇಲೆ ಅದು ಹಾಸ್ಯ ಎಂದು ಹೊಳೆಯುತ್ತದೆ, ಅಷ್ಟೇ ನನ್ನ ಪ್ರತಿಭೆ. ಪ್ರಕಾಶನದ ಮಂದಿ ಇಂಥ ಏರ್ಪಾಡಿಗೆ ಗೋಸ್ಟ್ ರೈಟಿಂಗ್ ಎಂದು ಹೆಸರಿಟ್ಟಿದ್ದಾರೆ. ಒಬ್ಬರು ಬರೆಯುವುದು, ಇನ್ನೊಬ್ಬರ ಹೆಸರು ಹಾಕುವುದು. ಬರೆದವರನ್ನೇ ದೆವ್ವ ಎಂದು ಕರೆಯುವ ಈ ಧಂದೆಯಲ್ಲಿ ಹೆಸರು ಹಾಕಿಸಿಕೊಂಡವರಿಗೆ ಏನನ್ನಬೇಕು ಎಂಬುದನ್ನು ಯಾರೂ ಗೊತ್ತುಮಾಡಿಲ್ಲ. ಲೇಖಕರು ಅನ್ನುತ್ತಾರಂತೆ.

ನಾನು ಲೇಖಕನಾದದ್ದು ನಮ್ಮ ಉಪನಗರದ ಕನ್ನಡ ಸಂಘದ ದೆಸೆಯಿಂದ. ಸಂಘ ಪ್ರತಿ ವರ್ಷ ವಾರ್ಷಿಕೋತ್ಸವಕ್ಕೆ ಒಂದು ಸಂಚಿಕೆ ತರುತ್ತದೆ. ಮುಂಬಯಿಯ ಕನ್ನಡಿಗರಿಗೆ ಈ ಬಗೆಯ ಸಂಚಿಕೆ ಎಂಥದೆಂದು ವಿವರಿಸಬೇಕಾಗಿಲ್ಲ, ಬೇರೆ ಊರಿನವರಿಗೆ ಹೇಳುತ್ತೇನೆ. ಮೊದಲು ಬಣ್ಣದ ಜಾಹೀರಾತುಗಳು, ಆಮೇಲೆ ಅಧ್ಯಕ್ಷರ ಮಾತು, ಕಾರ್ಯದರ್ಶಿಯ ಮಾತು, ಮತ್ತೆ ಜಾಹೀರಾತುಗಳು. ಹೊಟೇಲಿನವರು, ಕೇಟರಿಂಗ್‌ನವರು, ಲೆಕ್ಕ ಪರಿಶೋಧಕರು, ಬಿಲ್ಡಿಂಗ್‌ಗಳಿಗೆ ಬಣ್ಣ ಹೊಡೆಸುವ ಕಂತ್ರಾಟುದಾರರು ಶುಭ ಕೋರುತ್ತಾರೆ. ಹೆಸರು ಹೇಳಲಿಚ್ಛಿಸದ ಹಿತೈಷಿಯೊಬ್ಬರೂ ಶುಭ ಕೋರುತ್ತಾರೆ, ಅವರಿಗೆ ಯಾವಾಗಲೂ ಪೂರ್ತಿ ಪುಟ ಬೇಕು. "ಹೆಸರ ಬ್ಯಾಡ ಅನ್ನೂವರಿಗೆ ಅಷ್ಟ ಜಾಗಾ ಯಾತಕ್ಕ?" ಎಂದು ವನಮಾಲಾ ಕೇಳಿದ್ದಳು. ಅದನ್ನೂ ನಾನು ಒಂದು ಪ್ರಬಂಧದಲ್ಲಿ ಹಾಕಿ ಶಾಭಾಸ್ ಅನ್ನಿಸಿಕೊಂಡಿದ್ದೇನೆ.

ಈ ಜಾಹೀರಾತುಗಳ ನಡುವೆ ಉಳಿಯುವುದಕ್ಕೆ ಮ್ಯಾಟರ್ ಎನ್ನುತ್ತಾರೆ. ಕಥೆ, ಕವಿತೆ, ಪ್ರಬಂಧ ಎಲ್ಲ ಮ್ಯಾಟರ್. ಸಂಚಿಕೆಯ ಸಂಪಾದಕರು ಸದಾಶಿವ ರಾಯರು. ಉಡುಪಿಯ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು, ದೇವರಂಥ ಮನುಷ್ಯ. ನಾನು ಪ್ರಬಂಧ ಕೊಟ್ಟ ಕೂಡಲೇ ಪೂರ್ತಿ ಓದಿ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆಮೇಲೆ ಜಾಹೀರಾತು ಬರುತ್ತದೆ. ಜಾಹೀರಾತು ಬರುವುದು ಯಾವಾಗಲೂ ಡೆಡ್‌ಲೈನ್ ಮುಗಿದ ಮೇಲೆ. ಪುಟ ಕಟ್ಟಿ ಆಗಿರುತ್ತದೆ, ಕಾಲು ಪುಟಕ್ಕೋ ಅರ್ಧ ಪುಟಕ್ಕೋ ದುಡ್ಡು ಹಿಡಿದುಕೊಂಡು ಒಬ್ಬರು ನಿಂತಿರುತ್ತಾರೆ, ಮ್ಯಾಟರ್ ಸರಿದುಕೊಳ್ಳಬೇಕು. ರಾಯರು ಕತ್ತರಿಯನ್ನು ಕೆಳಗಿನಿಂದ ಹಾಕುತ್ತಾರೆ. ಹೀಗಾಗಿ ನನ್ನ ಯಾವ ಪ್ರಬಂಧಕ್ಕೂ ಬಾಲವಿಲ್ಲ.

ಕೆಳಗಿನಿಂದ ಕತ್ತರಿಸುವುದು ರಾಯರ ಸಂಶೋಧನೆಯಲ್ಲ. ಅದು ಸುದ್ದಿಪತ್ರಿಕೆಗಳ ಹಳೆಯ ರೂಢಿ. ಸುದ್ದಿಯಲ್ಲಿ ಮುಖ್ಯವಾದದ್ದು ಮೇಲಿರುತ್ತದೆ, ಇಳಿದಂತೆ ತಿರುಳು ತೆಳುವಾಗುತ್ತದೆ. ನೀರಿನ ಪೈಪು ಒಡೆಯಿತು ಎಂಬುದು ಮೊದಲ ಸಾಲು, ಯಾವ ಯಾವ ಬಿಲ್ಡಿಂಗ್‌ಗಳಿಗೆ ನೀರಿಲ್ಲ ಎಂಬುದು ಮುಂದಿನದು. ತಳ ಕತ್ತರಿಸಿದರೆ ನಷ್ಟವಾಗುವುದು ಸ್ಥಳಕ್ಕೆ ಭೇಟಿ ಕೊಟ್ಟ ನಗರಸೇವಕರಿಗೆ, ಅಂದರೆ ಕಾರ್ಪೊರೇಟರಿಗೆ ಮಾತ್ರ. ಆದರೆ ಪ್ರಬಂಧದ ರೀತಿ ತಿರುಗಾಮುರುಗಾ. ನಮ್ಮ ಕಡೆಯ ಜನ ಯಾರ ಮನೆಗಾದರೂ ಕೆಲಸದ ಮೇಲೆ ಹೋದರೆ, ಮಳೆ, ಬೆಳೆ, ಮಗಳ ಹೆರಿಗೆ ಎಲ್ಲ ಮಾತಾಡಿ, ಚಹಾ ಕುಡಿದು, ಎದ್ದು, ಚಪ್ಪಲಿ ಮೆಟ್ಟುವಾಗ ಬಂದ ಕೆಲಸ ಹೇಳುತ್ತಾರೆ. ಪ್ರಬಂಧ ಬರೆಯುವವನೂ ಹಾಗೆಯೇ. ಅವನು ಚಪ್ಪಲಿ ಮೆಟ್ಟುವ ಮೊದಲೇ ಬಾಗಿಲು ಹಾಕಿಬಿಟ್ಟರೆ, ಈತ ಬಂದದ್ದಾದರೂ ಯಾಕೆ ಎಂದು ಮನೆಯವರಿಗೆ ತಿಳಿಯುವುದೇ ಇಲ್ಲ.

ವ್ಯಾಪಾರದವರ ಲೆಕ್ಕ ಇನ್ನೂ ಮಜವಾಗಿದೆ. ಅವರಿಗೆ ತಳದ ಸಾಲೇ ಸರ್ವಸ್ವ. ನಮ್ಮ ಮೀಟಿಂಗುಗಳಲ್ಲಿ ಯಾರಾದರೂ ಎರಡು ಮಾತು ಜಾಸ್ತಿ ಆಡಿದರೆ ಬಾಸ್ ಕೈ ಎತ್ತಿ, "ಬಾಟಮ್ ಲೈನ್ ಹೇಳು" ಎನ್ನುತ್ತಾನೆ. ಎಷ್ಟು ಬಂತು, ಎಷ್ಟು ಹೋಯಿತು, ಕೊನೆಗೆ ಕೈಯಲ್ಲಿ ಉಳಿದದ್ದೇನು ಎಂದು ಅವರು ನೋಡುವುದು ಅಲ್ಲಿಯೇ. ಒಂದೇ ಹಾಳೆ, ಒಂದೇ ತಳ. ಒಂದು ಧಂದೆಯವರು ಅಲ್ಲಿ ಕಣ್ಣಿಡುತ್ತಾರೆ, ಇನ್ನೊಂದು ಧಂದೆಯವರು ಅಲ್ಲಿ ಕತ್ತರಿ ಇಡುತ್ತಾರೆ. ಎರಡೂ ಧಂದೆಯ ಅನ್ನ ತಿನ್ನುವ ನನ್ನಂಥವನ ಗತಿ ಏನಾಗಬೇಕು.

ಇಷ್ಟಕ್ಕೂ ಬಾಲದಲ್ಲಿ ಅಂಥದ್ದೇನಿತ್ತು ಎಂದು ನೀವು ಕೇಳಬಹುದು. ಪ್ರತಿ ಪ್ರಬಂಧದ ಕೊನೆಯ ಪ್ಯಾರಾದಲ್ಲಿ ನಾನು ಒಂದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಬರೆಯುತ್ತಿದ್ದೆ. ಇದರಲ್ಲಿಯ ನಗೆಮಾತುಗಳು ನನ್ನವಲ್ಲ, ನನ್ನ ಹೆಂಡತಿ ವನಮಾಲಾ ಒಲೆಯ ಮುಂದೆ, ಬಸ್‌ಸ್ಟಾಪಿನಲ್ಲಿ, ಹುಡುಗರ ಪೇಪರ್ ತಿದ್ದುತ್ತ ಆಡಿದವು, ನಾನು ಬರೇ ಬರೆದುಕೊಂಡವನು. ಪ್ರತಿ ವರ್ಷವೂ ಅದನ್ನು ಒಂದು ಹೊಟೇಲೋ, ಒಂದು ಕೇಟರಿಂಗೋ, ಒಂದು ಸಲ ಮೊಣಕಾಲು ನೋವಿನ ಎಣ್ಣೆಯೋ ತಿಂದುಹಾಕಿತು. ನಮ್ಮ ವಲಯದಲ್ಲಿ ನಾನು ದೊಡ್ಡ ವಿನೋದಿ ಎಂದು ಹೆಸರಾದೆ. ನಾನು "ನಮಸ್ಕಾರ" ಅಂದರೂ ಜನ ನಗಲಿಕ್ಕೆ ಶುರುಮಾಡಿದರು.

ವನಮಾಲಾ ಇದನ್ನೆಲ್ಲ ತಮಾಷೆಯಾಗಿಯೇ ನೋಡುತ್ತಿದ್ದಳು, ಹೋದ ವರ್ಷದ ವಾರ್ಷಿಕೋತ್ಸವದ ತನಕ. ಅವತ್ತು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅಧ್ಯಕ್ಷರು ಮೈಕಿನಲ್ಲಿ, "ನಲವತ್ತಾರಕ್ಕೆ ಸ್ನಾನ ಬಿಡಬೇಕೇ ಎಂದು ಕೇಳುತ್ತಾರೆ ನೋಡಿ, ಇಂಥದ್ದು ಇವರ ತಲೆಗೇ ಹೊಳೆಯಬೇಕು" ಎಂದರು. ಸಭೆ ನಕ್ಕಿತು. ವನಮಾಲಾಳ ಪಕ್ಕದ ಕುರ್ಚಿಯ ಹೆಂಗಸು ಅವಳ ಕಡೆ ತಿರುಗಿ, "ನಿಮ್ಮ ಯಜಮಾನ್ರು ಹಿಂಗ ನಗಸ್ತಾರಂದ್ರ ಮನ್ಯಾಗ ನಿಮಗ ಪುಕ್ಕಟೆ ಮನರಂಜನಿ" ಅಂದಳಂತೆ. ವನಮಾಲಾ ಮನೆಗೆ ಬಂದು, ಶಾಲನ್ನು ಮಡಚಿ ಕಪಾಟಿನಲ್ಲಿಟ್ಟು, "ಇವತ್ತಿನಿಂದ ಸಪ್ಲಾಯ್ ಬಂದ್" ಎಂದಳು. ತನ್ನ ಹೆಸರು ಅಚ್ಚಿನಲ್ಲಿ ಕಾಣುವ ತನಕ ತನ್ನ ಬಾಯಿಂದ ನನಗೆ ಒಂದು ನಗೆಮಾತೂ ಸಿಗದು ಎಂಬುದು ಅದರ ಅರ್ಥ.

ನಾನು ಓಡಿಹೋಗಿ ಕಂಪ್ಯೂಟರ್ ತೆರೆದೆ. ಪ್ರತಿ ವರ್ಷದ ಪ್ರಬಂಧವೂ ಅದರಲ್ಲಿ ಬಾಲಸಮೇತ ಇತ್ತು. ಇಲ್ಲಿ ನೋಡು, ಇಲ್ಲಿ ಬರೆದಿದ್ದೇನೆ, ಇಲ್ಲಿಯೂ ಬರೆದಿದ್ದೇನೆ ಎಂದು ತೋರಿಸಿದೆ. ಅವಳು ಪರದೆಯ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ. "ಪೇಪರ ತಿದ್ದೂಮುಂದ ಹುಡುಗರೂ ಹಿಂಗ ಹೇಳತಾರ, ಮಿಸ್, ಉತ್ತರ ಬರದಿದ್ದೆ, ಹಾಳಿ ಕಳದು ಹೋತು ಅಂತ. ನಾ ಮಾರ್ಕ್ಸ್ ಕೊಡೂದು ಹಾಳಿ ಮ್ಯಾಲೆ ಇದ್ದದ್ದಕ್ಕ" ಎಂದಳು. ಸೇವ್ ಆಗಿದೆ, ಬ್ಯಾಕಪ್ ಇದೆ, ಕ್ಲೌಡ್‌ನಲ್ಲಿಯೂ ಒಂದು ಪ್ರತಿ ಇದೆ ಎಂದೆ. ಮೋಡದಲ್ಲಿ ಇಟ್ಟವರ ಹತ್ತಿರವೇ ಹೋಗಿ ಹೇಳಿ ಎಂಬಂತೆ ಕಿಟಕಿಯ ಕಡೆ ಕೈ ತೋರಿಸಿದಳು. ಅದು ನನಗೆ ಸಿಕ್ಕ ಕೊನೆಯ ನಗು, ಅದೂ ಮೂಕಾಭಿನಯದಲ್ಲಿ.

ಆ ವರ್ಷ ನಮ್ಮ ಮನೆ ಹೇಗಿತ್ತು ಎಂದು ಏನು ಹೇಳಲಿ. ಅವಳು ಮಾತು ಬಿಟ್ಟಿದ್ದರೆ ಒಂದು ಥರ ಇರುತ್ತಿತ್ತು, ಜಗಳ ಎಂದುಕೊಳ್ಳಬಹುದಿತ್ತು. ಮಾತು ಬಿಡಲಿಲ್ಲ. "ಸಾರು ಬಿಸಿ ಅದ." "ಗ್ಯಾಸ್ ಬಂತು." "ನಾಳೆ ನೀರು ಬರೂದಿಲ್ಲಂತ." ಮಿಕ್ಸರ್ ಕೊಂಡಾಗ ಡಬ್ಬದಲ್ಲಿ ಬರುವ ಪುಸ್ತಿಕೆಯಲ್ಲಿ ಇರುತ್ತದಲ್ಲ, ಆ ಧಾಟಿಯ ಮಾತು. ನಾನು ಅವಳನ್ನು ಮಾತಿಗೆಳೆಯಲು ಆಫೀಸಿನಿಂದ ಹೊಸ ಹೊಸ ಸರಕು ಹೊತ್ತು ತಂದೆ. ಇವತ್ತು ಬಾಸ್ ಎಲ್ಲರಿಗೂ ಡೀಪ್ ಡೈವ್ ಹೊಡೆಯಿರಿ, ವಿಷಯದ ಆಳಕ್ಕೆ ಮುಳುಗಿರಿ ಅಂದ ಎಂದು ಹೇಳಿದೆ. "ಹೌದೇನು" ಎಂದಳು. ಕೆಲಸದಿಂದ ತೆಗೆದುಹಾಕುವುದಕ್ಕೆ ಈಗ ರೈಟ್‌ಸೈಜಿಂಗ್ ಅನ್ನುತ್ತಾರೆ ಎಂದೆ, ಇದಕ್ಕಾದರೂ ಬಾಯಿ ಬಿಟ್ಟಾಳು ಎಂದು ಕಾದೆ. ಅವಳ ತುಟಿಯ ಮೂಲೆ ಒಂದಿಷ್ಟು ಅಲುಗಿತು, ಏನೋ ಹುಟ್ಟಿತ್ತು ಅಲ್ಲಿ, ನನ್ನ ಕಣ್ಣೆದುರೇ ಅದನ್ನು ನುಂಗಿ, "ಮೊಸರು ಹಾಕಲೇನು?" ಎಂದಳು. ನನಗೆ ನಿಜವಾಗಿ ಸಂಕಟವಾಯಿತು. ಪ್ರಬಂಧ ಹಾಳಾಗಿ ಹೋಗಲಿ, ಮನೆಯಲ್ಲಿ ನಗುವವರಿಲ್ಲದೆ ಊಟವೇ ರುಚಿಸುತ್ತಿರಲಿಲ್ಲ.

ಈ ವರ್ಷದ ಸಂಚಿಕೆಗೆ ರಾಯರು ಪ್ರಬಂಧ ಕೇಳಿದಾಗ ನನ್ನ ಗೋಡೌನ್ ಖಾಲಿಯಾಗಿತ್ತು. ಮೂಲೆಯಲ್ಲಿ ಉಳಿದಿದ್ದ ಅವಳ ಹಳೇ ಸ್ಟಾಕನ್ನೇ ಧೂಳು ಕೊಡವಿ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ರೈಲಿನ ಮೇಲೆ ಒಂದು ಪ್ರಬಂಧ ಹೊಂದಿಸಿದೆ. ಕೊನೆಯ ಪ್ಯಾರಾವನ್ನು ಮಾತ್ರ ಬಹಳ ಮನಸ್ಸಿಟ್ಟು ಬರೆದೆ. ರಾಯರಿಗೆ ಕೊಡುವಾಗ ಕೈ ಹಿಡಿದುಕೊಂಡು ಹೇಳಿದೆ, ರಾಯರೇ, ತಲೆ ಬೇಕಾದರೆ ತೆಗೆಯಿರಿ, ಬಾಲ ಬಿಡಿ, ನನ್ನ ಸಂಸಾರದ ಪ್ರಶ್ನೆ. ರಾಯರು ಎದೆಯ ಮೇಲೆ ಕೈಯಿಟ್ಟು, "ಆಯ್ತು ಮಾರಾಯ್ರೆ, ಈ ಸಲ ಕತ್ತರಿ ಮುಟ್ಟುದಿಲ್ಲ" ಎಂದರು.

ರಾಯರ ಮಾತಿನ ಮೇಲೆ ನಂಬಿಕೆ ಇತ್ತು, ಜಾಹೀರಾತುದಾರರ ಮೇಲೆ ಇರಲಿಲ್ಲ. ಅದಕ್ಕೇ ಒಂದು ದಿನ ರಜೆ ಹಾಕಿ, ಮೆಟ್ರೋ ಹಿಡಿದು ಘಾಟ್ಕೋಪರ್‌ಗೆ, ಅಲ್ಲಿಂದ ಲೋಕ‌ಲ್‌ನಲ್ಲಿ ಕುರ್ಲಾಕ್ಕೆ ಹೋದೆ. ಸಂಚಿಕೆ ಅಚ್ಚಾಗುವುದು ಅಲ್ಲಿಯ ಒಂದು ಗಲ್ಲಿಯ ಪ್ರೆಸ್‌ನಲ್ಲಿ. ಕೆಳಗೆ ಯಂತ್ರಗಳು, ಮೇಲೆ ಮಾಳಿಗೆಯಲ್ಲಿ ಕಂಪ್ಯೂಟರಿನ ಮೇಲೆ ಪುಟ ಕಟ್ಟುವ ಶಬಾನಾ. ಆಕೆಗೆ ಕನ್ನಡ ಓದಲು ಬರುವುದಿಲ್ಲ. ಅಕ್ಷರಗಳ ಗುಂಪನ್ನು ಡಬ್ಬಿಯೊಳಗೆ ಸುರಿಯುವುದಷ್ಟೇ ಆಕೆಯ ಕೆಲಸ, ಪರದೆಯ ಮೇಲೆ ಕಾಣುವ ಆ ಚೌಕಕ್ಕೆ ಅವರು ಬಾಕ್ಸ್ ಅನ್ನುತ್ತಾರೆ. ನನ್ನ ಪುಟ ತೆರೆದಳು. ಬಾಕ್ಸಿನ ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಕೆಂಪು ಗುರುತಿತ್ತು.

"ಯೇ ಕ್ಯಾ ಹೈ?" ಎಂದೆ.

"ಬಾಕ್ಸ್ ಛೋಟಾ ಹೈ ಸರ್, ಮ್ಯಾಟರ್ ಜ್ಯಾದಾ ಹೈ. ಬಾಕೀ ಪೀಛೇ ಛುಪಾ ಹೈ" ಎಂದಳು.

ಬಾಕ್ಸ್ ಸಣ್ಣದು, ಮ್ಯಾಟರ್ ಜಾಸ್ತಿ, ಉಳಿದದ್ದು ಹಿಂದೆ ಅಡಗಿದೆ. ಹೀಗೆಂದು ಆಕೆ ಆರಾಮಾಗಿ ಚಹಾ ಹೀರಿದಳು. ನಾನು ಕುರ್ಚಿ ಎಳೆದುಕೊಂಡು ಕೂತೆ. ಇಷ್ಟು ವರ್ಷ ನಾನು ಕತ್ತರಿ ಕತ್ತರಿ ಎಂದು ಬಯ್ದುಕೊಂಡದ್ದು ಈಚೆಗೆ ಕತ್ತರಿಯೇ ಆಗಿರಲಿಲ್ಲ. ಯಾರೂ ಏನನ್ನೂ ಕತ್ತರಿಸಿರಲಿಲ್ಲ. ಜಾಹೀರಾತು ಬಂದಾಗ ಬಾಕ್ಸ್ ಗಿಡ್ಡವಾಗುತ್ತಿತ್ತು, ವನಮಾಲಾ ಕೆಂಪು ಗುರುತಿನ ಹಿಂದೆ ಹೋಗಿ ನಿಲ್ಲುತ್ತಿದ್ದಳು, ಅವಳನ್ನು ಅಲ್ಲೇ ಬಿಟ್ಟು ಪುಟ ಅಚ್ಚಿಗೆ ಇಳಿಯುತ್ತಿತ್ತು. ರಾಯರು ಕತ್ತರಿ ಮುಟ್ಟುವುದಿಲ್ಲ ಎಂದು ಎದೆ ಮುಟ್ಟಿ ಹೇಳಿದ್ದು ಅಪ್ಪಟ ಸತ್ಯ.

ಬಾಕ್ಸ್ ದೊಡ್ಡದಾಗುವುದಿಲ್ಲ ಎಂದಳು ಶಬಾನಾ. ಹಾಗಾದರೆ ಮ್ಯಾಟರ್ ಸಣ್ಣದಾಗಬೇಕು. ಅಲ್ಲೇ ಕೂತು ನನ್ನ ಪ್ರಬಂಧವನ್ನು ನಾನೇ ನಡುವಿನಿಂದ ಕಡಿಯಲು ಹೊರಟೆ. ಯಾವುದನ್ನು ತೆಗೆಯಲಿ ಎಂದು ಯೋಚಿಸುವ ಕಷ್ಟವೇ ಬರಲಿಲ್ಲ. ನಗು ಬರುವ ಸಾಲುಗಳೆಲ್ಲ ವನಮಾಲಾಳವು, ಅವನ್ನು ಮುಟ್ಟುವ ಹಾಗಿಲ್ಲ. ಉಳಿದವು ನನ್ನವು. ಬೋರಿವ್ಲಿಯ ಸೂರ್ಯಾಸ್ತದ ಬಗ್ಗೆ ಬರೆದಿದ್ದ ಒಂದು ಇಡೀ ಪ್ಯಾರಾ ಹೋಯಿತು, ಪುಟ ಮೊದಲಿಗಿಂತ ಚೆಂದ ಕಂಡಿತು. ಕೆಂಪು ಗುರುತು ಮಾಯವಾಯಿತು. ಬಾಕ್ಸಿನ ತಳದಲ್ಲಿ ವನಮಾಲಾಳ ಹೆಸರು ಬಂದು ನಿಂತಿತು. ಶಬಾನಾಳಿಗೆ ಇನ್ನೊಂದು ಚಹಾ ತರಿಸಿಕೊಟ್ಟು ಮನೆಗೆ ಬಂದೆ. ವನಮಾಲಾಳಿಗೆ ಏನೂ ಹೇಳಲಿಲ್ಲ. ಅಚ್ಚಾದ ಮೇಲೆಯೇ ನೋಡಲಿ ಎಂದುಕೊಂಡೆ.

ಅಂಧೇರಿಯ ಒಂದು ಸಭಾಭವನದಲ್ಲಿ ಭಾನುವಾರ ಬೆಳಿಗ್ಗೆ ವಾರ್ಷಿಕೋತ್ಸವ. ಸಂಚಿಕೆಯ ಕಟ್ಟು ಬಿಚ್ಚಿದ್ದೇ ನಾನು ಒಂದು ಪ್ರತಿ ಕಿತ್ತುಕೊಂಡು ನನ್ನ ಪುಟ ತೆಗೆದೆ. ಸ್ಲೋ ಲೋಕಲ್‌ನ ಪ್ರಬಂಧ ಇತ್ತು. ಶೀರ್ಷಿಕೆಯ ಕೆಳಗೆ ನನ್ನ ಹೆಸರಿತ್ತು. ಕೊನೆಯ ಪ್ಯಾರಾ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಬಳ್ಳಿಯ ಅಂಚು ಕಟ್ಟಿದ ಕಾಲು ಪುಟದ ಒಂದು ಜಾಹೀರಾತು ಕಾಲು ಚಾಚಿ ಕೂತಿತ್ತು. ಹೆಂಗಸರ ಸಾಲಿನಲ್ಲಿ ವನಮಾಲಾ ಕೂತಿದ್ದಳು, ಅವಳ ಮಡಿಲಲ್ಲೂ ಒಂದು ಪ್ರತಿ ಇತ್ತು. ಅತ್ತ ನೋಡುವ ಧೈರ್ಯ ನನಗಿರಲಿಲ್ಲ. ನೇರವಾಗಿ ರಾಯರ ಹತ್ತಿರ ಹೋಗಿ, ಪುಟವನ್ನು ಅವರ ಮೂಗಿನ ಮುಂದೆ ಹಿಡಿದೆ.

"ಎಂತ ಮಾಡುದು ಮಾರಾಯ್ರೆ, ಪುಟ ಇಳಿಯುವ ಹೊತ್ತಿಗೆ ಜಾಹೀರಾತು ಬಂತು. ಇದೇ ಪುಟವೇ ಬೇಕು, ನಿಮ್ಮ ಪ್ರಬಂಧದ ಕೆಳಗೇ ಬೇಕು ಅಂತ ಹಟ. ದುಡ್ಡು ಕೊಟ್ಟವರಿಗೆ ಇಲ್ಲ ಹೇಳ್ಲಿಕ್ಕೆ ಆಗ್ತದಾ?" ಎಂದರು ರಾಯರು. ಆಮೇಲೆ ನನ್ನನ್ನು ಒಂದು ಥರ ನೋಡಿ, "ನೀವು ಅದನ್ನು ಓದಿದ್ರಾ?" ಎಂದರು.

ಓದಿರಲಿಲ್ಲ. ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುವ ಯಾವನೂ ಜಾಹೀರಾತು ಓದುವುದಿಲ್ಲ. ಈಗ ಓದಿದೆ. ಬಳ್ಳಿಯ ಅಂಚಿನ ಒಳಗೆ ಹೀಗೆ ಅಚ್ಚಾಗಿತ್ತು:

ವನಮಾಲಾ, ದಹಿಸರ್.
ಮೇಲಿನ ಪ್ರಬಂಧದಲ್ಲಿ ನಿಮಗೆ ನಗು ಬಂದ ಜಾಗಗಳೆಲ್ಲ ನಮ್ಮಲ್ಲಿ ತಯಾರಾದವು.
ನಗು ಬಾರದ ಜಾಗಗಳಿಗೆ ಲೇಖಕರನ್ನು ಕೇಳಿರಿ.
ನಮ್ಮಲ್ಲಿ ಬೇರೆ ಶಾಖೆಗಳಿಲ್ಲ.

ಇಷ್ಟು ವರ್ಷ ಜಾಹೀರಾತಿನ ಅನ್ನ ತಿಂದವನು ನಾನು. ಇಂಥ ನಾಲ್ಕು ಸಾಲು ನಾನೂ ಬರೆದಿಲ್ಲ, ಗಾಜಿನ ಕೋಣೆಯ ಮಾಸ್ಟರೂ ಬರೆದಿಲ್ಲ. ಅಷ್ಟರಲ್ಲಿ ಸಭೆಯಲ್ಲಿ ಅಲ್ಲಲ್ಲಿ ನಗು ಏಳತೊಡಗಿತು. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಪುಟದ ಸಂಖ್ಯೆ ಹೇಳಿಕೊಂಡರು. ಅಧ್ಯಕ್ಷರು ಓದಿದರು, ಮತ್ತೊಮ್ಮೆ ಓದಿದರು, ನನ್ನ ಕಡೆ ನೋಡಿದರು, ವನಮಾಲಾಳ ಕಡೆ ನೋಡಿದರು. ಹೋದ ವರ್ಷ ಪುಕ್ಕಟೆ ಮನರಂಜನೆ ಎಂದಿದ್ದ ಹೆಂಗಸು ಎದ್ದು ಬಂದು ಅವಳ ಕೈ ಹಿಡಿದುಕೊಂಡಳು. ಊಟದ ಸಾಲಿನಲ್ಲಿ ಅವಳ ಸುತ್ತ ಜನ ನಿಂತಿದ್ದರು. ನನ್ನ ಪಕ್ಕದಲ್ಲಿ ಒಬ್ಬ ಕಂತ್ರಾಟುದಾರ ನಿಂತು ಬಣ್ಣದ ರೇಟು ಹೇಳುತ್ತಿದ್ದ. ನಾನು "ನಮಸ್ಕಾರ" ಅಂದರೆ ಯಾರೂ ನಗಲಿಲ್ಲ.

ಮನೆಗೆ ಹೋಗುವಾಗ ಸ್ಲೋ ಲೋಕಲ್‌ನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಭಾನುವಾರ ಮಧ್ಯಾಹ್ನವಾದ್ದರಿಂದ ಇಂಥ ಭಾಗ್ಯ. ಅವಳು ಕಿಟಕಿಯ ಬದಿಗೆ ಕೂತು ಹೊರಗೆ ನೋಡುತ್ತಿದ್ದಳು. ನನಗೆ ಖುಷಿಯೂ ಆಗಿತ್ತು, ಒಳಗೊಳಗೇ ಕಸಿವಿಸಿಯೂ ಆಗಿತ್ತು. ಮಾಲಾಡ್ ದಾಟಿದ ಮೇಲೆ ತಡೆಯಲಾಗಲಿಲ್ಲ.

"ಅಲ್ಲ ವನಮಾಲಾ, ಈ ಸಲ ನಾ ನಿನ್ನ ಬಗ್ಗೆನ ಬರದಿದ್ದೆ. ಕುರ್ಲಾಕ್ಕ ಹೋಗಿ ಕೂತು ಜಾಗಾ ಮಾಡಿ ಬಂದಿದ್ದೆ. ಆ ಪ್ಯಾರಾನ ನಿನ್ನ ಜಾಹೀರಾತ ತಿಂದುಬಿಡ್ತು."

"ಏನಂತ ಬರದಿದ್ರಿ?"

ಹೇಳಿದೆ. ಬಾಯಿಪಾಠವಾಗಿತ್ತು. ಅವಳು ಪೂರ್ತಿ ಕೇಳಿದಳು. "ಛಲೋ ಅದ" ಎಂದಳು. ಆಮೇಲೆ, "ಎಲ್ಲಿ ಬರದಿದ್ರಿ?" ಎಂದು ಕೇಳಿದಳು.

"ಕಡೀಗೆ."

"ಕಡೀಗೆ ಇದ್ದದ್ದು ಉಳಿಯೂದಿಲ್ಲಂತ ಪ್ರತಿ ವರ್ಷಾ ನೀವ ಅಳಕೋತ ಬರ್ತೀರಿ. ಗೊತ್ತಿದ್ದೂ ನನ್ನನ್ನ ಕಡೀಗೇ ಇಟ್ರಿ. ನಿಮ್ಮ ಹೆಸರು ಎಲ್ಲಿರತದ್ರಿ?"

ನನ್ನ ಹೆಸರು ಮೇಲಿರುತ್ತದೆ. ಶೀರ್ಷಿಕೆಯ ಕೆಳಗೆ, ದಪ್ಪ ಅಕ್ಷರದಲ್ಲಿ. ಅದಕ್ಕೆ ಬೈಲೈನ್ ಅನ್ನುತ್ತಾರೆ. ಎಷ್ಟು ಹೊಟೇಲು ಬಂದರೂ, ಎಷ್ಟು ಎಣ್ಣೆ ಬಂದರೂ ಯಾವ ಬಾಕ್ಸೂ ಅಲ್ಲಿಯ ತನಕ ಗಿಡ್ಡವಾಗಿದ್ದು ನಾನು ಕಂಡಿಲ್ಲ.

ಆದರೂ ಸೋಲೊಪ್ಪದೆ, ವೃತ್ತಿಯವನ ಗತ್ತಿನಿಂದ, "ಹಂಗಲ್ಲ, ಎಂಡಿಂಗ್ ಸ್ಟ್ರಾಂಗ್ ಇರಬೇಕಾಗತದ. ಎಲ್ಲಾಕ್ಕಿಂತ ಛಲೋದನ್ನ ಕಡೀಗೆ ಇಡೂದು ನಮ್ಮ ಪದ್ಧತಿ" ಎಂದೆ.

"ಇಷ್ಟು ವರ್ಷದಾಗ ನಿಮ್ಮ ಎಂಡಿಂಗ್ ಯಾರು ನೋಡ್ಯಾರ್ರಿ?" ಎಂದಳು ವನಮಾಲಾ.

ಎದುರಿನ ಸೀಟಿನ ಮನುಷ್ಯ ತಿರುಗಿ ನೋಡುವಷ್ಟು ಜೋರಾಗಿ ನಾನು ನಕ್ಕೆ. ಒಂದು ವರ್ಷದ ನಗು ಅದು, ದಹಿಸರ್ ಬಂದರೂ ನಿಲ್ಲಲಿಲ್ಲ. ಅವಳೂ ನಕ್ಕಳು. ಸಪ್ಲಾಯ್ ಶುರುವಾಗಿತ್ತು.

ಈಗ ನನ್ನ ಪದ್ಧತಿ ಬದಲಾಗಿದೆ. ಈ ಪ್ರಬಂಧದ ಮೊದಲನೇ ಸಾಲನ್ನು ನೀವು ಇನ್ನೊಮ್ಮೆ ನೋಡಿಕೊಳ್ಳಬಹುದು. ಅದು ಅಲ್ಲಿ ಇರುವಷ್ಟು ಹೊತ್ತು ಯಾವ ಜಾಹೀರಾತು ಬಂದರೂ ನನಗೆ ಚಿಂತೆಯಿಲ್ಲ, ಬೇಕಾದವರು ಕೆಳಗಿನಿಂದ ಎಷ್ಟು ಬೇಕಾದರೂ ಗಿಡ್ಡ ಮಾಡಲಿ. ಬರೆದು ಮುಗಿಸಿದ ಮೇಲೆ ಹಾಳೆಗಳನ್ನು ವನಮಾಲಾಳ ಮುಂದೆ ಹಿಡಿದು, ಪೂರ್ತಿ ಬೇಡ, ಮೊದಲನೇ ಸಾಲಾದರೂ ಓದು ಎಂದೆ. ಅವಳು ಹುಡುಗರ ಪೇಪರ್ ತಿದ್ದುತ್ತಿದ್ದಳು, ತಲೆ ಎತ್ತಲಿಲ್ಲ.

"ಅಚ್ಚಾಗಲಿ, ಆಮ್ಯಾಲೆ ನೋಡೋಣು" ಎಂದಳು.